ತಪ್ಪು ಟ್ಯಾಂಗೋದ ಪರವಾಗಿ

ಟ್ಯಾಂಗೋದ ಮಾತು ಬಂದಲ್ಲೆಲ್ಲ ಅಸಲಿ ಯಾವುದು ಎಂಬ ಜಗಳವೂ ಬರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಬಂದರುಗಳ ಬಡಕೇರಿಗಳಲ್ಲಿ ಹುಟ್ಟಿದ್ದು ಅಸಲಿ, ಯುರೋಪಿನವರು ಕುಣಿಯುವುದು ಅದರ ಕೆಟ್ಟ ನಕಲು ಎಂದು ಬಲ್ಲವರು ಹೇಳುತ್ತಾರೆ. ಈ ಅಳತೆಗೋಲನ್ನು ನಾನು ಒಪ್ಪುವುದಿಲ್ಲ. ಹುಟ್ಟುವಾಗಲೇ ಟ್ಯಾಂಗೋ ಬೆರಕೆಯಾಗಿತ್ತು. ಆಫ್ರಿಕನ್ ಮೂಲದವರ ಕಂಡೊಂಬೆ, ಕ್ಯೂಬಾದ ಹಬನೇರಾ, ಇಟಲಿ ಸ್ಪೇನ್‌ಗಳಿಂದ ಹೊಟ್ಟೆಪಾಡಿಗೆ ಹಡಗೇರಿ ಬಂದವರ ಹಾಡು ಎಲ್ಲವೂ ಅದರೊಳಗಿವೆ. ಅದರ ಕೊರಳೇ ಆಗಿರುವ ಬ್ಯಾಂಡೋನಿಯನ್ ಜರ್ಮನಿಯಲ್ಲಿ ರೂಪುಗೊಂಡ ವಾದ್ಯ. ಇಂಥದ್ದರ ಶುದ್ಧಿ ಹುಡುಕುವುದು ಬಡಗುತಿಟ್ಟು, ತೆಂಕುತಿಟ್ಟುಗಳಲ್ಲಿ ನಿಜವಾದ ಯಕ್ಷಗಾನ ಯಾವುದೆಂದು ತೀರ್ಮಾನಿಸಲು ಹೊರಟಂತೆ. ಹೆಜ್ಜೆ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಕುಣಿತದ ಅಂಗಳ ಯಾರ ಕೈಯಲ್ಲಿದೆ, ಅಲ್ಲಿಗೆ ಜನ ಯಾತಕ್ಕೆ ಬರುತ್ತಾರೆ ಎಂದು ಕೇಳಿದರೆ ಯುರೋಪಿನ ಟ್ಯಾಂಗೋ ಬೇರೆಯದೇ ಆಗಿ ಕಾಣುತ್ತದೆ.

ಮೊದಲು ಇಂಗ್ಲೆಂಡ್. ಮೊದಲ ಮಹಾಯುದ್ಧಕ್ಕೆ ಮುಂಚಿನ ಎರಡು ಮೂರು ವರ್ಷ ಪ್ಯಾರಿಸ್ಸಿಗೆ ಟ್ಯಾಂಗೋ ಹುಚ್ಚು ಹಿಡಿದಿತ್ತು. ಅದು ಲಂಡನ್ನಿನ ಹೋಟೆಲುಗಳಲ್ಲಿ ಸಂಜೆಯ ಚಹಾದ ಜೊತೆಗಿನ ಮನರಂಜನೆಯಾಯಿತು. ಸಮವಸ್ತ್ರದಲ್ಲಿರುವ ಅಧಿಕಾರಿಗಳು ಟ್ಯಾಂಗೋ ಕುಣಿಯಕೂಡದೆಂದು ಜರ್ಮನಿಯ ಕೈಸರ್ 1913ರಲ್ಲಿ ಅಪ್ಪಣೆ ಹೊರಡಿಸಿದ. ಆಂಗ್ಲರು ಹಾಗೆ ನಿಷೇಧಿಸಲು ಹೋಗಲಿಲ್ಲ, ಪಠ್ಯಕ್ರಮ ಬರೆದರು. ನೃತ್ಯ ಶಿಕ್ಷಕರ ಇಂಪೀರಿಯಲ್ ಸೊಸೈಟಿ 1924ರಲ್ಲಿ ಬಾಲ್‌ರೂಮ್ ಶಾಖೆ ತೆರೆಯಿತು. ಯಾವ ಹೆಜ್ಜೆ ಎಷ್ಟುದ್ದ, ಯಾವ ತಾಳದ ವೇಗ ಎಷ್ಟು ಎಂಬುದೆಲ್ಲ ಕ್ರಮೇಣ ಗೊತ್ತುಪಾಡಿಗೆ ಬಂತು. ಆ ಶಾಖೆಯ ಸ್ಥಾಪಕರಲ್ಲೊಬ್ಬನಾದ ವಿಕ್ಟರ್ ಸಿಲ್ವೆಸ್ಟರ್ 1935ರಲ್ಲಿ ಸ್ವಂತ ವಾದ್ಯವೃಂದ ಕಟ್ಟಿದ. ಅವನ ಧ್ವನಿಮುದ್ರಿಕೆಗಳಲ್ಲಿ ತಾಳ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ, ಗಾಯಕನಂತೂ ಇಲ್ಲವೇ ಇಲ್ಲ. ಕುಣಿಯುವವರ ಗಮನ ಹಾಡಿನ ಕಡೆ ಹೋಗಬಾರದಲ್ಲ! ಎದೆಗೆ ಎದೆ ತಾಗಿಸಿ ನಡೆಯುತ್ತಿದ್ದ ಜೋಡಿಯ ಮೈಯ ಮೇಲ್ಭಾಗ ಇಲ್ಲಿ ದೂರ ಸರಿಯಿತು. ಕತ್ತನ್ನು ಥಟ್ಟನೆ ತಿರುಗಿಸುವ ಚಮತ್ಕಾರ ಸೇರಿತು. ಬ್ಲ್ಯಾಕ್‌ಪೂಲ್‌ನಂಥ ಸ್ಪರ್ಧೆಯ ಅಂಕಣದಲ್ಲಿ ಮೊದಲೇ ಬಾಯಿಪಾಠವಾದ ಸರಣಿ ಉಳಿಯಿತು. ಮುಂದಿನ ಹೆಜ್ಜೆ ಏನೆಂದು ಜೊತೆಗಾರರಿಬ್ಬರಿಗೂ ತಿಳಿಯದಿರುವ ಆ ಕ್ಷಣವೇ ಮಾಯವಾದ ಮೇಲೆ, ಎಷ್ಟು ಚೆಂದ ಕುಣಿದರೂ ಅದು ತೀರ್ಪುಗಾರರ ಕಣ್ಣಿಗಾಗಿ ಕುಣಿದದ್ದು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಗೊತ್ತುಪಾಡು ಇದ್ದದ್ದರಿಂದಲೇ ಅಲ್ಲವೇ ಲಂಡನ್ನಿನ ಗುಮಾಸ್ತನೂ ಕಾರ್ಖಾನೆಯ ಹುಡುಗಿಯೂ ಸಿರಿವಂತರ ಕುಣಿತವನ್ನು ಪುಸ್ತಕ ನೋಡಿ ಕಲಿಯಲು ಸಾಧ್ಯವಾದದ್ದು? ವಾರ್ಸಾದಲ್ಲಿ ಕಲಿತವರು ಮಿಲಾನ್‌ನಲ್ಲಿ ಅಪರಿಚಿತರೊಡನೆ ಕುಣಿಯಬಲ್ಲದ್ದು? ನಿಜ, ಇದನ್ನು ಅಲ್ಲಗಳೆಯಲಾಗದು. ಆದರೆ ಇದೇ ವಾದಕ್ಕೆ ಜೆಕ್ ದೇಶವನ್ನು ಎದುರಿಟ್ಟು ನೋಡಿ. ಅಲ್ಲಿ ಹದಿನಾರು ಹದಿನೇಳರ ಹುಡುಗ ಹುಡುಗಿಯರು ಶರತ್ಕಾಲದಲ್ಲಿ ನೃತ್ಯ ತರಗತಿಗೆ ಸೇರುವುದು ಇವತ್ತಿಗೂ ರೂಢಿ. ಹುಡುಗಿಗೆ ಉದ್ದ ಉಡುಪು, ಹುಡುಗನಿಗೆ ಸೂಟು, ಬಿಳಿ ಕೈಗವಸು. ಕೊನೆಗೆ ಅಪ್ಪ ಅಮ್ಮಂದಿರನ್ನೂ ಕರೆದು ಒಂದು ಸಮಾರಂಭ. ಕಮ್ಯುನಿಸ್ಟ್ ಆಡಳಿತ ಬಂದು ಹೋದರೂ ಈ ಪದ್ಧತಿ ಅಳಿಯಲಿಲ್ಲ. ಕಲಿಸುವ ಟ್ಯಾಂಗೋ ಹೆಚ್ಚುಕಡಿಮೆ ಇಂಗ್ಲಿಷ್ ಪಠ್ಯಕ್ರಮದ್ದೇ, ಆದರೆ ಅದು ಜೀವಂತವಾಗಿರುವುದು ಪದಕದಿಂದಲ್ಲ, ದೊಡ್ಡವರ ಲೋಕಕ್ಕೆ ಕಾಲಿಡುವ ವಿಧಿಯಾಗಿ. ವಿಯೆನ್ನಾದ ಚಳಿಗಾಲದ ಬಾಲ್‌ಗಳಲ್ಲೂ ವಾಲ್ಟ್ಸ್‌ಗೆ ಇರುವ ಬಲ ಇಂಥದ್ದೇ. ಹೆಜ್ಜೆ ಒಂದೇ ಆದರೂ ಬಾಳು ಬೇರೆಯಾಗಬಹುದು. ಕುಣಿತವನ್ನು ಹೆಜ್ಜೆಯಿಂದಷ್ಟೇ ಅಳೆಯುವವರಿಗೆ ಇದು ಕಾಣುವುದಿಲ್ಲ.

ಫಿನ್‌ಲೆಂಡ್‌ಗೆ ಬಂದರೆ ಹೆಜ್ಜೆಯೂ ಬೇರೆ, ರಾಗವೂ ಬೇರೆ. ಅರ್ಜೆಂಟೀನಾದವರು ನೋಡಿದರೆ ಇದು ಟ್ಯಾಂಗೋವೇ ಅಲ್ಲವೆನ್ನಬಹುದು: ಕಾಲಿಗೆ ಕಾಲು ತೊಡಕಿಸುವ ಸೊಗಸಿಲ್ಲ, ಬ್ಯಾಂಡೋನಿಯನ್ ಜಾಗದಲ್ಲಿ ಅಕಾರ್ಡಿಯನ್, ಹಾಡುಗಳೆಲ್ಲ ಬಹುತೇಕ ಮೈನರ್ ಶ್ರುತಿಯಲ್ಲಿ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಲ್ಲಿ ಸಾರ್ವಜನಿಕ ಕುಣಿತ ನಿಷಿದ್ಧವಾಗಿತ್ತು. ನಿಷೇಧ ಸಡಿಲಿದ ಮೇಲೆ ಜನ ಸರೋವರದ ದಡದ, ಕಾಡಿನಂಚಿನ ಮರದ ಕುಣಿತದ ಮಂಟಪಗಳಿಗೆ ನುಗ್ಗಿದರು. ತೊಯ್ವೊ ಕ್ಯಾರ್ಕಿ ರಾಗ ಹಾಕಿದ, ಓಲಾವಿ ವಿರ್ತಾ ಹಾಡಿದ. ಉಂಟೊ ಮೊನೊನೆನ್ 1955ರಲ್ಲಿ ಬರೆದ 'ಸತುಮಾ' 1962ರಲ್ಲಿ ರೆಯ್ಯೊ ತೈಪಲೆಯ ಕಂಠದಲ್ಲಿ ಮನೆಮಾತಾಯಿತು. ಫಿನ್ನರು ಸ್ವಭಾವದಿಂದಲೇ ವಿಷಾದಪ್ರಿಯರು, ಅದಕ್ಕೇ ಟ್ಯಾಂಗೋ ಹಿಡಿಸಿತು ಎನ್ನುವ ಪ್ರವಾಸಿ ಕೈಪಿಡಿಯ ವಿವರಣೆ ನನಗೆ ಸಾಲದು. ಸ್ವಭಾವ ಏನೇ ಇರಲಿ, ಕುಣಿಯಲು ಒಂದು ಕ್ರಮ ಬೇಕು. ಮಂಟಪದಲ್ಲಿ ಅದಿತ್ತು: ಗಂಡಸು ಬಂದು ಕರೆಯಬೇಕು, ಎರಡು ಹಾಡು ಜೊತೆಗೆ ಕುಣಿಯಬೇಕು, ಆಮೇಲೆ ಹೆಂಗಸನ್ನು ಅವಳ ಜಾಗಕ್ಕೆ ಬಿಟ್ಟು ಬರಬೇಕು, ಹೆಂಗಸರೇ ಕರೆಯುವ ಸರದಿಯೂ ಉಂಟು. ಬ್ಯೂನಸ್ ಐರಿಸ್‌ನ ಕೂಟಗಳಲ್ಲೂ ಮೂರು ನಾಲ್ಕು ಹಾಡುಗಳ ಕಂತಿಗೆ ಒಬ್ಬರೇ ಜೊತೆಗಾರರು. ಅಪರಿಚಿತರು ಮಾತಿಲ್ಲದೆ ಹತ್ತಿರವಾಗಿ, ಮರ್ಯಾದೆಯಿಂದ ಬೇರೆಯಾಗುವ ಏರ್ಪಾಡು ಎರಡೂ ಕಡೆ ಒಂದೇ. ಹೆಜ್ಜೆ ಆಯಾ ಕ್ಷಣಕ್ಕೆ ಹುಟ್ಟುವುದೂ ಎರಡೂ ಕಡೆ ಒಂದೇ.

1983ರಲ್ಲಿ ಪ್ಯಾರಿಸ್ಸಿನಲ್ಲಿ 'ಟ್ಯಾಂಗೋ ಅರ್ಜೆಂಟೀನೋ' ರಂಗಪ್ರದರ್ಶನ ಗೆದ್ದ ಮೇಲೆ ಯುರೋಪಿನ ನಗರಗಳು ಮೂಲ ಟ್ಯಾಂಗೋವನ್ನು ಮತ್ತೆ ಕಲಿತವು; ಬರ್ಲಿನ್ ಅದರ ದೊಡ್ಡ ನೆಲೆಯಾಯಿತು, ಹ್ಯಾಂಬರ್ಗ್‌ನಲ್ಲಿ ಮುನ್ನಡೆಸುವ ಪಾತ್ರವನ್ನು ಗಂಡಿಗೇ ಕಟ್ಟದ ಕ್ವೀರ್ ಟ್ಯಾಂಗೋ ಚಿಗುರಿತು. ಹಾಗಾದರೆ ಮೂಲದ ಕಡೆಗೇ ಗೆಲುವಲ್ಲವೇ? ಅಷ್ಟು ಸಲೀಸಲ್ಲ. ಬ್ಯೂನಸ್ ಐರಿಸ್ 2003ರಿಂದ ವಿಶ್ವ ಸ್ಪರ್ಧೆ ನಡೆಸುತ್ತಿದೆ, ತೀರ್ಪುಗಾರರು ಅಲ್ಲೂ ಅಂಕ ಕೊಡುತ್ತಾರೆ. ಇಂಗ್ಲೆಂಡ್ ಹಿಡಿದ ದಾರಿಯಲ್ಲಿ ತವರೂ ಹೆಜ್ಜೆ ಇಡತೊಡಗಿದೆ. ಫಿನ್‌ಲೆಂಡ್ ಇದಕ್ಕೆ ಹೊರತು ಎಂದು ನಾನು ವಾದಿಸಲಾರೆ: ಮಂಟಪಗಳು ಕಡಿಮೆಯಾಗಿವೆ, ಕುಣಿಯುವವರಿಗೆ ವಯಸ್ಸಾಗಿದೆ, ಸೇಯ್ನಾಯೊಕಿಯಲ್ಲಿ 1985ರಿಂದ ನಡೆಯುವ ಟ್ಯಾಂಗೋ ಜಾತ್ರೆಯಲ್ಲೂ ಪಟ್ಟಕ್ಕಾಗಿ ಪೈಪೋಟಿಯಿದೆ. ಆದರೆ ಅಲ್ಲಿ ಕಿರೀಟ ತೊಡಿಸುವುದು ಗಾಯಕ ಗಾಯಕಿಯರಿಗೆ. ಕುಣಿಯುವವರಿಗಲ್ಲ. ಯುನೆಸ್ಕೊ 2009ರಲ್ಲಿ ಟ್ಯಾಂಗೋವನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅರ್ಜೆಂಟೀನಾ ಮತ್ತು ಉರುಗ್ವೆಯ ಹೆಸರಿನಲ್ಲಿ, ಅದು ನ್ಯಾಯವೇ. ಆದರೆ ಯುರೋಪಿನ ತಿಟ್ಟುಗಳಲ್ಲಿ ಮೂಲಕ್ಕೆ ಹತ್ತಿರದ್ದು ಯಾವುದೆಂದರೆ ನನ್ನ ಮತ ಬ್ಲ್ಯಾಕ್‌ಪೂಲ್‌ಗಲ್ಲ, ಫಿನ್ನರ ಆ 'ತಪ್ಪು' ಟ್ಯಾಂಗೋಗೆ.