ಬಡವರ ಶಾಲೆ ದೊರೆಮಕ್ಕಳ ಪಾಲಾದ ಬಗೆ

ಶಾಲೆಯೊಳಗೆ ಮನೆ ಯಾಕೆ ಬೇಕು? ಮೇಷ್ಟರಾಗಿರುವ ನಮ್ಮ ಗೆಳೆಯರು ಎಷ್ಟೋ ಮಂದಿ ಕ್ರೀಡಾಕೂಟದ ದಿನ ಹುಡುಗರನ್ನು ಕೆಂಪು, ಹಸಿರು, ನೀಲಿ, ಹಳದಿ ಅಂತ ನಾಲ್ಕು ‘ಹೌಸ್’ ಮಾಡಿ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಜವಾಹರ ನವೋದಯ ವಿದ್ಯಾಲಯಗಳಲ್ಲಿ ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಬೆಟ್ಟಗಳ ಹೆಸರಿಟ್ಟಿದ್ದಾರೆ. ಹೆಸರು ನಮ್ಮ ಬೆಟ್ಟದ್ದು, ಪದ್ಧತಿ ನಮ್ಮದಲ್ಲ. ಅದು ಇಂಗ್ಲೆಂಡಿನ ಪಬ್ಲಿಕ್ ಸ್ಕೂಲುಗಳಿಂದ ಬಂದದ್ದು. ‘ಪಬ್ಲಿಕ್’ ಅಂದರೆ ಸಾರ್ವಜನಿಕ. ಆದರೆ ಅಲ್ಲಿಗೆ ಸಾರ್ವಜನಿಕರು ಕಾಲಿಡುವ ಹಾಗಿಲ್ಲ. ಈ ಸುಳ್ಳು ಹೆಸರಿನ ಹಿಂದೆ ಒಂದು ಕತೆ ಇದೆ. ಅದನ್ನು ರಗ್ಬಿ ಎಂಬ ಊರಿನ ಶಾಲೆಯ ಮೂಲಕ ನೋಡೋಣ. ನಮ್ಮ ದೇಶಕ್ಕೆ ಈ ಪದ್ಧತಿ ಬಂದ ಒಂದು ಮುಖ್ಯ ದಾರಿ ಆ ಶಾಲೆಯಿಂದಲೇ ಹೊರಟದ್ದು.

ರಗ್ಬಿ ಶಾಲೆಯನ್ನು ಕಟ್ಟಿಸಿದವನು ರಾಜನಲ್ಲ, ಬಿಷಪ್ಪನೂ ಅಲ್ಲ. ಲಾರೆನ್ಸ್ ಶೆರಿಫ್ ಎಂಬ ದಿನಸಿ ವ್ಯಾಪಾರಿ. ರಗ್ಬಿ ಕಡೆಯವನು, ಲಂಡನ್ನಿಗೆ ಹೋಗಿ ಎಲಿಜಬೆತ್ ರಾಣಿಯ ಮನೆಗೆ ದಿನಸಿ ಸಾಮಾನು ಒದಗಿಸುತ್ತಾ ನಾಲ್ಕು ಕಾಸು ಮಾಡಿಕೊಂಡವನು. 1567ರಲ್ಲಿ ಸಾಯುವಾಗ ಉಯಿಲು ಬರೆದಿಟ್ಟ: ರಗ್ಬಿ ಮತ್ತು ಪಕ್ಕದ ಬ್ರೌನ್ಸೋವರ್ ಊರಿನ ಮಕ್ಕಳಿಗೆ ಮುಖ್ಯವಾಗಿ ಉಪಯೋಗವಾಗುವಂತೆ ಒಂದು ಪುಕ್ಕಟೆ ಶಾಲೆ, ನಾಲ್ಕು ಜನ ಬಡ ಮುದುಕರಿಗೆ ಆಶ್ರಯದ ಮನೆ. ಖರ್ಚಿಗೆ ಲಂಡನ್ ಹೊರವಲಯದ ಒಂದು ಹುಲ್ಲುಗಾವಲಿನ ಮೂರನೇ ಒಂದು ಪಾಲು ಬಿಟ್ಟ. ಆಗ ಅದು ದನ ಮೇಯುವ ಜಾಗ. ಲಂಡನ್ ಬೆಳೆಯಿತು; ಹುಲ್ಲುಗಾವಲಿನ ಮೇಲೆ ಬೀದಿಗಳೆದ್ದವು. ಇವತ್ತಿಗೂ ಅಲ್ಲಿ ರಗ್ಬಿ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಬಾಡಿಗೆ ಏರಿತು, ಶಾಲೆ ಶ್ರೀಮಂತವಾಯಿತು. ಶಾಲೆ ಶ್ರೀಮಂತವಾದ ಮೇಲೆ ಅದರ ಮೇಲೆ ಶ್ರೀಮಂತರ ಕಣ್ಣು ಬೀಳದೆ ಇರುತ್ತದೆಯೇ?

ದೂರದೂರದ ಜಮೀನ್ದಾರರ ಮಕ್ಕಳು, ಪಾದ್ರಿಗಳ ಮಕ್ಕಳು ಫೀಜು ಕೊಟ್ಟು ಬಂದರು. ಬಂದವರು ಉಳಿದುಕೊಳ್ಳಬೇಕಲ್ಲ? ಊರಿನ ಹೆಂಗಸರು ನಡೆಸುತ್ತಿದ್ದ ವಸತಿಮನೆಗಳಲ್ಲಿ ಉಂಡು ಮಲಗುತ್ತಿದ್ದರು. ‘ಹೌಸ್’ ಅನ್ನೋದರ ಮೂಲ ಇಷ್ಟೇ: ದುಡ್ಡು ಕೊಟ್ಟು ಉಳಿಯುವ ಹುಡುಗರ ಸೂರು. ಊರಿನ ಹುಡುಗ ತನ್ನ ಅವ್ವನ ಕೈಯ ಊಟ ಮಾಡಿ ಬರುತ್ತಿದ್ದ. ಅವನಿಗೆ ಈ ಮನೆ ಬೇಕಾಗಿರಲಿಲ್ಲ. ಅಂದಮೇಲೆ ಈ ಮನೆಗೆ ಅವನೂ ಬೇಕಾಗಿರಲಿಲ್ಲ.

1828ರಲ್ಲಿ ಥಾಮಸ್ ಆರ್ನಾಲ್ಡ್ ಮುಖ್ಯೋಪಾಧ್ಯಾಯನಾಗಿ ಬಂದ. 1842ರಲ್ಲಿ ಸಾಯುವ ತನಕ ಅಲ್ಲೇ ಇದ್ದ. ಇಂಗ್ಲಿಷರು ಇವನನ್ನು ದೇವರ ಮಟ್ಟಕ್ಕೆ ಏರಿಸಿದ್ದಾರೆ. ಇವನ ದೃಷ್ಟಿಯಲ್ಲಿ ಶಾಲೆಯ ಕೆಲಸದಲ್ಲಿ ಧರ್ಮ ಮತ್ತು ನೀತಿ ಮೊದಲು, ಸಭ್ಯ ಮನುಷ್ಯನ ನಡತೆ ಎರಡನೆಯದು, ಬುದ್ಧಿ ಮೂರನೆಯದು. ಹೆಂಗಸರ ವಸತಿಮನೆಗಳು ಖಾಲಿಯಾದ ಹಾಗೆ ಅವನ್ನು ಮೇಷ್ಟರುಗಳ ಕೈಗೆ ಕೊಡಿಸಿದ. ಮೇಷ್ಟರೇ ಮನೆಯ ಯಜಮಾನನಾದ. ಹುಡುಗರ ಊಟ, ವಸತಿ, ಪ್ರಾರ್ಥನೆ, ನಡತೆ ಎಲ್ಲ ಅವನ ಕಣ್ಣ ಕೆಳಗೆ ಬಂತು. ಜೊತೆಗೆ ಆ ಹುಡುಗರು ಕೊಡುವ ದುಡ್ಡು ಮೇಷ್ಟರ ಸಂಪಾದನೆಯ ಭಾಗವೂ ಆಯಿತು. ಇದನ್ನು ಗಮನಿಸಬೇಕು. ಪುಕ್ಕಟೆ ಓದುವ ಊರಿನ ಹುಡುಗನಿಂದ ಮನೆಯ ಯಜಮಾನನಿಗೆ ಮೂರು ಕಾಸು ಹುಟ್ಟುವುದಿಲ್ಲ.

ಆಮೇಲೆ ಆದದ್ದು ಇದು. ಮೇಲಿನ ತರಗತಿಗೆ ಸೇರಲು ಲ್ಯಾಟಿನ್ ಬರಬೇಕು. ಅದನ್ನು ಮೊದಲಿಂದ ಕಲಿಸುವ ಕೆಳಗಿನ ತರಗತಿಗಳು ಆರ್ನಾಲ್ಡನ ಕಾಲದಲ್ಲಿ ಬಾಡಿಹೋದವು. ಉಳ್ಳವರು ಮನೆಗೆ ಮೇಷ್ಟರನ್ನು ಕರೆಸಿ ಪಾಠ ಹೇಳಿಸಿಕೊಂಡು ಬಂದರು. ಅಂಗಡಿಯವನ ಮಗ, ಬಡಗಿಯ ಮಗ ಎಲ್ಲಿ ಕಲಿತು ಬರಬೇಕು? ಬಾಗಿಲಿಗೆ ಬೀಗ ಹಾಕಲಿಲ್ಲ. ಮೆಟ್ಟಿಲು ಕಿತ್ತು ಹಾಕಿದರು. ಊರವರು ಕೋರ್ಟು ಹತ್ತಿದರು. ಆದರೂ ಶಾಲೆ ದಿನದಿನಕ್ಕೆ ದೊರೆಮಕ್ಕಳದಾಗುತ್ತಾ ಹೋಯಿತು. 1861ರಿಂದ 1864ರವರೆಗೆ ಸರ್ಕಾರದ ಆಯೋಗವೊಂದು ಇಂಥ ಒಂಬತ್ತು ಶಾಲೆಗಳನ್ನು ವಿಚಾರಿಸಿತು. 1868ರಲ್ಲಿ ಪಬ್ಲಿಕ್ ಸ್ಕೂಲುಗಳ ಕಾಯಿದೆ ಬಂತು. ಊರಿನವರ ಹಳೆಯ ಹಕ್ಕು ಕರಗಿತು. 1878ರಲ್ಲಿ ಊರಿನ ಹುಡುಗರಿಗೆ ಅಂತ ಬೇರೆಯೇ ಒಂದು ಶಾಲೆ ತೆರೆದರು. ಅದಕ್ಕೆ ಇಟ್ಟ ಹೆಸರು ಲಾರೆನ್ಸ್ ಶೆರಿಫ್ ಶಾಲೆ! ಸ್ವತ್ತು ಒಬ್ಬರಿಗೆ, ಹೆಸರು ಇನ್ನೊಬ್ಬರಿಗೆ.

ಆರ್ನಾಲ್ಡ್ ಕೆಟ್ಟವನೇ? ಅಲ್ಲ. ಕೂಲಿಕಾರರ ಕಷ್ಟದ ಬಗ್ಗೆ ಪತ್ರಿಕೆಗೆ ಬರೆದವನು, ಕ್ಯಾಥೊಲಿಕರಿಗೆ ಸಮಾನ ಹಕ್ಕು ಸಿಗಬೇಕು ಅಂತ ತನ್ನವರನ್ನೇ ಎದುರು ಹಾಕಿಕೊಂಡವನು. ಅದಕ್ಕೇ ಇದು ನಮಗೆ ಪಾಠ. ಕೆಟ್ಟವನ ಕೈಯಲ್ಲಿ ಆದ ಅನ್ಯಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳ್ಳೆಯವನ ಕೈಯಲ್ಲಿ ಆದದ್ದು ಸುಧಾರಣೆ ಅನ್ನಿಸಿಕೊಳ್ಳುತ್ತದೆ.

ಇನ್ನೊಂದು ತಮಾಷೆ. ರಗ್ಬಿ ಎಂಬ ಆಟ ಲೋಕಕ್ಕೆಲ್ಲ ಗೊತ್ತು. 1823ರಲ್ಲಿ ವಿಲಿಯಂ ವೆಬ್ ಎಲಿಸ್ ಎಂಬ ಹುಡುಗ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಓಡಿದ, ಅಲ್ಲಿಂದ ಆಟ ಹುಟ್ಟಿತು ಅಂತ ಕತೆ. ಕತೆ ಹೊರಬಿದ್ದದ್ದು ಅವನು ಸತ್ತು ನಾಲ್ಕು ವರ್ಷದ ಮೇಲೆ, 1876ರಲ್ಲಿ, ನಂಬುವುದು ಕಷ್ಟ. ಆದರೆ ಹುಡುಗ ನಿಜ. ಅಪ್ಪ ಸೈನಿಕ, ಯುದ್ಧದಲ್ಲಿ ಸತ್ತ. ಗಂಡ ಸತ್ತ ತಾಯಿ ಮಕ್ಕಳನ್ನು ಕರಕೊಂಡು ರಗ್ಬಿಗೆ ಬಂದು ನೆಲೆಸಿದಳು. ಯಾಕಂದರೆ ಊರಿನ ಮಕ್ಕಳಿಗೆ ಅಲ್ಲಿ ಫೀಜಿರಲಿಲ್ಲ. ಯಾವ ಪುಕ್ಕಟೆ ಹುಡುಗರನ್ನು ಶಾಲೆ ಆಮೇಲೆ ಹೊರಗಿಟ್ಟಿತೋ ಅಂಥವನೊಬ್ಬನ ಹೆಸರಲ್ಲೇ ಅದು ಇವತ್ತಿಗೂ ಮೆರೆಯುತ್ತಿದೆ.

ಈಗ ಮನೆಯೊಳಕ್ಕೆ ಹೋಗೋಣ. ಹಿರಿಯ ತರಗತಿಯ ಹುಡುಗರಿಗೆ ಆರ್ನಾಲ್ಡ್ ಅಧಿಕಾರ ಕೊಟ್ಟ. ಕಿರಿಯರನ್ನು ಕಾಯುವುದು, ಹೊಡೆಯುವುದು, ಸೇವೆ ಮಾಡಿಸಿಕೊಳ್ಳುವುದು ಅವರ ಹಕ್ಕು. ಸೇವೆ ಮಾಡುವ ಕಿರಿಯನಿಗೆ ‘ಫ್ಯಾಗ್’ ಅಂತ ಹೆಸರು. ದೊಡ್ಡವನ ಕೋಣೆ ಗುಡಿಸಬೇಕು, ರೊಟ್ಟಿ ಕಾಯಿಸಿಕೊಡಬೇಕು, ಕೂಗಿದರೆ ಓಡಬೇಕು. ಓದಿದ ಕೂಡಲೇ ನಮಗೆ ನಮ್ಮ ಜೀತ ನೆನಪಾಗುತ್ತದೆ. ಆದರೆ ಅವಸರ ಬೇಡ. ಫ್ಯಾಗ್ ಆದ ಹುಡುಗ ನಾಲ್ಕು ವರ್ಷ ಕಳೆದರೆ ತಾನೇ ಯಜಮಾನ. ಜೀತದಾಳಿನ ಮಗ ಜೀತಕ್ಕೇ ಬರುತ್ತಿದ್ದ. ಅಲ್ಲಿ ಸೇವೆ ಒಂದು ಸರದಿ. ಇಲ್ಲಿ ಅದು ಹುಟ್ಟು. ಆಳುವವರ ಮಕ್ಕಳಿಗೆ ಆಳುವುದನ್ನು ಕಲಿಸಲು, ಮೊದಲು ಆಳಿಸಿಕೊಳ್ಳುವ ರುಚಿ ತೋರಿಸಿದರು. ಅಷ್ಟೇ.

ಈ ಮನೆಯನ್ನು ಜಗತ್ತಿಗೆ ಸಾರಿದ ಕಾದಂಬರಿ ಥಾಮಸ್ ಹ್ಯೂಸ್ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’. ಪ್ರಕಟವಾದದ್ದು 1857ರಲ್ಲಿ. ಹ್ಯೂಸ್ ರಗ್ಬಿಯಲ್ಲಿ ಆರ್ನಾಲ್ಡನ ಕೈಕೆಳಗೆ ಓದಿದವನು. ಕ್ರೈಸ್ತ ಸಮಾಜವಾದಿ, 1854ರಲ್ಲಿ ಲಂಡನ್ನಿನಲ್ಲಿ ದುಡಿಯುವವರ ಕಾಲೇಜು ಕಟ್ಟಿದವರಲ್ಲಿ ಒಬ್ಬ. ಕಾದಂಬರಿ ಹಳ್ಳಿಯಲ್ಲಿ ಶುರುವಾಗುತ್ತದೆ. ಜಮೀನ್ದಾರನ ಮಗ ಟಾಮ್ ಹಳ್ಳಿಯ ಹುಡುಗರ ಜೊತೆ ಆಡಿ ಬೆಳೆಯುತ್ತಾನೆ. ಅಪ್ಪನೂ ಅಡ್ಡ ಬರುವುದಿಲ್ಲ. ಈ ಪುಟಗಳಲ್ಲಿ ಮಣ್ಣಿನ ವಾಸನೆ ಇದೆ, ಇಲ್ಲ ಅನ್ನಲಾರೆವು. ಆಮೇಲೆ ಟಾಮ್ ರಗ್ಬಿಗೆ ಹೋಗುತ್ತಾನೆ, ಆ ಗೆಳೆಯರು ಹಳ್ಳಿಯಲ್ಲೇ ಉಳಿಯುತ್ತಾರೆ. ಜೊತೆಗೆ ಆಡಿದವರು ಜೊತೆಗೆ ಯಾಕೆ ಓದಬಾರದು? ದುಡಿಯುವವರಿಗೆ ಕಾಲೇಜು ಕಟ್ಟಿದ ಲೇಖಕನ ಕಾದಂಬರಿ ಈ ಪ್ರಶ್ನೆ ಕೇಳುವುದೇ ಇಲ್ಲ.

ಕಾದಂಬರಿಯಲ್ಲಿ ಒಂದು ಬಂಡಾಯವೂ ಇದೆ. ನಮ್ಮಂಥವರು ಕಿವಿ ನಿಮಿರಿಸಿ ಓದುವ ಭಾಗ. ಫ್ಲ್ಯಾಶ್‌ಮನ್ ಎಂಬ ಪುಂಡ ಮತ್ತು ಅವನ ಸಂಗಡಿಗರ ಸೇವೆ ಮಾಡುವುದಿಲ್ಲ ಅಂತ ಟಾಮ್ ಮತ್ತು ಅವನ ಗೆಳೆಯ ಈಸ್ಟ್ ತಿರುಗಿ ಬೀಳುತ್ತಾರೆ. ಆದರೆ ಅವರ ವಾದ ಏನು? ಸೇವೆ ತಪ್ಪು ಅಂತಲ್ಲ. ಸೇವೆ ಮಾಡಿಸಿಕೊಳ್ಳುವ ಹಕ್ಕು ಆರನೇ ತರಗತಿಯವರದು, ಐದನೆಯವರದಲ್ಲ ಅಂತ! ಯಜಮಾನಿಕೆಯ ವಿರುದ್ಧ ಎದ್ದ ದನಿಯಲ್ಲ ಇದು. ಸರಿಯಾದ ಯಜಮಾನ ಯಾರು ಅನ್ನುವ ತಕರಾರು. ಫ್ಲ್ಯಾಶ್‌ಮನ್ ಟಾಮನನ್ನು ಬೆಂಕಿಗೆ ಹಿಡಿದು ಸುಡುತ್ತಾನೆ. ಟಾಮ್ ಬಾಯಿ ಬಿಡುವುದಿಲ್ಲ. ಮನೆಯ ಮಾತು ಮನೆಯಲ್ಲೇ ಇರಬೇಕು. ಕೊನೆಗೆ ಫ್ಲ್ಯಾಶ್‌ಮನ್ನನ್ನು ಶಾಲೆಯಿಂದ ಹೊರಗೆ ಹಾಕುವುದು ಹುಡುಗನನ್ನು ಸುಟ್ಟದ್ದಕ್ಕಲ್ಲ, ಕುಡಿದು ಬಿದ್ದದ್ದಕ್ಕೆ. ‘ಮನೆಯ ಮಾನ’ ಅನ್ನೋದು ಯಾರನ್ನು ಕಾಯುತ್ತದೆ ಅಂತ ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದೇ ಕಾದಂಬರಿಯಲ್ಲಿ ಒಬ್ಬ ಎಳೆಯ ಮೇಷ್ಟರು ಬರುತ್ತಾರೆ. ಆ ಪಾತ್ರದ ಮೂಲ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. 1837ರಲ್ಲಿ ರಗ್ಬಿಗೆ ಬಂದು ಆರ್ನಾಲ್ಡನ ಕೈಕೆಳಗೆ ಪಳಗಿದವರು. ನಮ್ಮ ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ. 1858ರಲ್ಲಿ ಅವರು ಕಲ್ಕತ್ತೆಯ ಬಿಷಪ್ ಆಗಿ ಬಂದರು. 1857ರ ದಂಗೆಯಿಂದ ಇಂಗ್ಲಿಷರು ಬದುಕಿ ಉಳಿದದ್ದಕ್ಕೆ ದೇವರಿಗೆ ಕೃತಜ್ಞತೆ ಅಂತ 1859ರಲ್ಲಿ ಸಿಮ್ಲಾ ಶಾಲೆಗೆ ಹಣ ಎತ್ತಿದರು. 1865ರಲ್ಲಿ ಬೆಂಗಳೂರಿನಲ್ಲಿ ಪಾದ್ರಿ ಪೆಟಿಗ್ರೂ ತೆರೆದ ಶಾಲೆಗೂ ಕಾಟನ್ನರ ಹೆಸರೇ ನಿಂತಿತು. ಮರುವರ್ಷ ಬಿಷಪ್ ಕಾಟನ್ ಬಂಗಾಳದಲ್ಲಿ ನದಿಗೆ ಬಿದ್ದು ತೀರಿಕೊಂಡರು. ಈ ಶಾಲೆಗಳನ್ನು ಕಟ್ಟಿದ್ದು ಯುರೋಪಿಯನ್ನರ ಮತ್ತು ಯುರೇಷಿಯನ್ನರ ಮಕ್ಕಳಿಗೆ. ಅವರಲ್ಲೂ ಬಡವರಿದ್ದರು, ಅವರಿಗಾಗಿ ಕಾಟನ್ ಮರುಗಿದ್ದು ನಿಜ. ಈ ನೆಲದ ಮಕ್ಕಳು ಆ ಮರುಕದ ಲೆಕ್ಕದಲ್ಲಿ ಇರಲಿಲ್ಲ.

ಸಿಮ್ಲಾ ಶಾಲೆಯ ಮನೆಗಳ ಹೆಸರು ಕೇಳಿ: ಕರ್ಜನ್, ರಿವಾಜ್, ಲೆಫ್ರಾಯ್, ಇಬೆಟ್ಸನ್. ಒಬ್ಬ ವೈಸರಾಯ್, ಒಬ್ಬ ಬಿಷಪ್, ಇಬ್ಬರು ಪಂಜಾಬಿನ ಲೆಫ್ಟಿನೆಂಟ್ ಗವರ್ನರರು. ಇಬೆಟ್ಸನ್ ಯಾರು? ಪಂಜಾಬಿನ ಜಾತಿಗಳನ್ನು ಪಟ್ಟಿ ಮಾಡಿ ಗ್ರಂಥ ಬರೆದ ಜನಗಣತಿ ಅಧಿಕಾರಿ. ಜಾತಿ ಎಣಿಸಿದವನ ಹೆಸರಿನ ಮನೆಯಲ್ಲಿ ಮಕ್ಕಳು ಭ್ರಾತೃತ್ವ ಕಲಿಯಬೇಕು!

ಅದೇ ಕಾಲದಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು? 1856ರ ಜೂನ್. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಹೋದ. ಸೇರಿಸಲಿಲ್ಲ. ಅರ್ಜಿ ಬೊಂಬಾಯಿ ಸರ್ಕಾರದ ತನಕ ಹೋಯಿತು. ಒಬ್ಬನಿಗಾಗಿ ಶಾಲೆಯನ್ನೇ ಹಾಳು ಮಾಡಲಾಗದು ಅನ್ನುವ ಧಾಟಿಯಲ್ಲಿ ಸರ್ಕಾರ ಕೈ ತೊಳೆದುಕೊಂಡಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದದ್ದು ಅಂತ ಕಾಗದದ ಮೇಲೆ ಬರೆದರು. ಕಾಗದ ಹುಡುಗನನ್ನು ಬೆಂಚಿನ ಮೇಲೆ ಕೂರಿಸುವುದಿಲ್ಲ. ಟಾಮ್ ಬ್ರೌನನ ಕತೆಗೆ ಮರುವರ್ಷವೇ ಪುಸ್ತಕ ಬಂತು. ಈ ಹುಡುಗನ ಕತೆಗೆ ದಫ್ತರದ ಕಡತವೇ ಪುಸ್ತಕ. ಇಷ್ಟು ಹೇಳಿ, ಹೊಲಗೇರಿಗೆ ನಡೆದು ಬಂದು ಅಕ್ಷರ ಹೇಳಿಕೊಟ್ಟ ಪಾದ್ರಿಗಳೂ ಇದ್ದರು ಅನ್ನೋದನ್ನು ಮರೆತರೆ ನಾವು ಕೃತಘ್ನರಾಗುತ್ತೇವೆ. ಕ್ರೈಸ್ತ ಶಾಲೆ ಅಂದರೆ ಒಂದೇ ಬಗೆಯಲ್ಲ. ಶಿಲುಬೆ ಒಂದೇ, ಬಾಗಿಲು ಬೇರೆ ಬೇರೆ.

ಹಾಗಾದರೆ ಹೌಸ್ ಪದ್ಧತಿಯನ್ನು ಸುಟ್ಟು ಹಾಕೋಣವೇ? ನಿಧಾನ. ಅದರಲ್ಲಿ ನಮಗೆ ಬೇಕಾದದ್ದೂ ಒಂದಿದೆ. ಚೀಟಿ ಎತ್ತಿ ಮನೆ ಹಂಚಿದರೆ ಗೌಡರ ಮಗ, ಶಾನುಭೋಗರ ಮಗ, ಹೊಲೆಯರ ಮಗ ಒಂದೇ ಬಣ್ಣದ ಪಟ್ಟಿ ಕಟ್ಟಿಕೊಂಡು ಒಂದೇ ಕಡೆ ನಿಲ್ಲುತ್ತಾರೆ. ಊರು ಮಾಡದ ಕೆಲಸವನ್ನು ಒಂದು ಚೀಟಿ ಮಾಡುತ್ತದೆ. ಆದರೆ ಓಟದ ಪಂದ್ಯ ಮುಗಿದು ಊಟಕ್ಕೆ ಕೂತಾಗ ಆ ಪಟ್ಟಿ ಉಳಿಯುತ್ತದೆಯೇ? ನಾವು ಕಂಡ ಒಂದು ಹಾಸ್ಟೆಲಿನಲ್ಲಿ ಆಟಕ್ಕೆ ನಾಲ್ಕು ಬಣ್ಣ, ಊಟಕ್ಕೆ ಹಳೆಯ ಸಾಲು. ದೊಡ್ಡ ಹುಡುಗರ ಬಕೆಟ್ಟಿಗೆ ನೀರು ತುಂಬುವ ಚಿಕ್ಕ ಹುಡುಗರು ಯಾವ ಕೇರಿಯವರು ಅಂತ ಕೇಳಬೇಕಾಗಿಯೇ ಇರಲಿಲ್ಲ. ರಗ್ಬಿಯ ಸರದಿಗೆ ನಮ್ಮ ಹುಟ್ಟು ಸೇರಿತ್ತು. ಎರಡೂ ಕಡೆಯ ಕೆಟ್ಟದ್ದನ್ನು ಕೂಡಿಸುವುದರಲ್ಲಿ ನಾವು ಜಾಣರು.

ಆದ್ದರಿಂದ ಮೇಷ್ಟರಾದ ಗೆಳೆಯರಿಗೆ ನಮ್ಮ ಮಾತು: ಮನೆ ಮಾಡಿ, ಆದರೆ ಚೀಟಿ ಎತ್ತಿ ಮಾಡಿ, ಆ ಮನೆ ಊಟದ ಸಾಲಿನಲ್ಲೂ ಮಲಗುವ ಕೋಣೆಯಲ್ಲೂ ಇರಲಿ. ಹಿರಿಯನಿಗೆ ಕಿರಿಯನ ಪಾಠ ನೋಡುವ ಹೊಣೆ ಕೊಡಿ, ಕಿರಿಯನ ಮೈಮೇಲೆ ಅಧಿಕಾರ ಕೊಡಬೇಡಿ. ಬೆಂಕಿಗೆ ಹಿಡಿದವನ ಹೆಸರು ಹೇಳುವುದು ಮನೆಯ ಮಾನ ಕಳೆಯುವುದಲ್ಲ ಅಂತ ಮಕ್ಕಳಿಗೆ ಕಲಿಸಿ.

ಕೊನೆಗೆ ಒಂದು ಮಾತು. ರಗ್ಬಿ ಈಗ ದುಬಾರಿ ಫೀಜಿನ ಖಾಸಗಿ ಶಾಲೆ. ಅಲ್ಲಿನ ಒಂದು ಮನೆಗೆ ಶೆರಿಫ್ ಅಂತ ಹೆಸರಿದೆ, ಇನ್ನೊಂದಕ್ಕೆ ಕಾಟನ್ ಅಂತ. ಮನೆಯಿಂದ ಬಂದು ಹೋಗುವ ಊರಿನ ಹುಡುಗರ ಮನೆಗೆ ‘ಟೌನ್’ ಅಂತಲೇ ಹೆಸರು. ಫೀಜು ಕೊಡಲಾಗದ ಮಕ್ಕಳಿಗೆ ಸಹಾಯಧನ ಕೊಡಲು 2003ರಲ್ಲಿ ಒಂದು ನಿಧಿಯನ್ನೂ ತೆರೆದರು. ಅದಕ್ಕಿಟ್ಟದ್ದು ಆರ್ನಾಲ್ಡನ ಹೆಸರು. ಹಕ್ಕಾಗಿದ್ದದ್ದು ನಾಲ್ಕು ನೂರು ವರ್ಷ ಕಳೆದ ಮೇಲೆ ದಾನವಾಗಿ ವಾಪಸು ಬಂತು. ನಿಮ್ಮ ಊರಿನ ಹಳೆಯ ಶಾಲೆಗೆ ಜಾಗ ಕೊಟ್ಟವರು ಯಾರು, ಯಾರಿಗಾಗಿ ಅಂತ ಬರೆದು ಕೊಟ್ಟರು, ಇವತ್ತು ಅಲ್ಲಿ ಓದುತ್ತಿರುವವರು ಯಾರು? ಹಳೆಯ ದಾನಪತ್ರ ತೆಗೆಸಿ ಓದಿ. ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ಓದಿ.