ಪೂರ್ವಕೃತಿಗಳ ಸಂಯೋಗವೂ ಸ್ವಂತಿಕೆಯೂ: ಮಾನೆಯ ಒಂದು ಚಿತ್ರ

ಪ್ರಸಿದ್ಧವಾದ ಎರಡು ಕೃತಿಗಳ ಅಂಶಗಳನ್ನು ಕೂಡಿಸಿ ಬರೆದ ಚಿತ್ರವನ್ನು ಸ್ವತಂತ್ರ ಕೃತಿಯೆಂದು ಒಪ್ಪಬಹುದೆ? ಈ ಪ್ರಶ್ನೆಯನ್ನು ಬರಿಯ ತತ್ತ್ವಚರ್ಚೆಗೆ ಬಿಡದೆ, ಎದುವಾರ್ ಮಾನೆಯ ‘ಹುಲ್ಲಿನ ಮೇಲೆ ಊಟ’ ಎಂಬ ಚಿತ್ರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ನಮ್ಮ ಉದ್ದೇಶ. ಇಂದು ಪ್ಯಾರಿಸ್ ನಗರದ ಓರ್ಸೆ ವಸ್ತುಸಂಗ್ರಹಾಲಯದಲ್ಲಿರುವ ಈ ಚಿತ್ರವು 1863ರಲ್ಲಿ, ಅಧಿಕೃತ ಪ್ರದರ್ಶನದ ತೀರ್ಪುಗಾರರು ತಿರಸ್ಕರಿಸಿದ ಕೃತಿಗಳಿಗಾಗಿಯೇ ಏರ್ಪಟ್ಟ ಪ್ರದರ್ಶನದಲ್ಲಿ ‘ಸ್ನಾನ’ ಎಂಬ ಹೆಸರಿನಿಂದ ಕಾಣಿಸಿಕೊಂಡು ನಿಂದೆಗೆ ಗುರಿಯಾಯಿತು.

ಇದರ ಮುಖ್ಯ ಆಕರಗಳು ಎರಡು. ಮೊದಲನೆಯದು ಲೂವ್ರ್ ಸಂಗ್ರಹಾಲಯದ ‘ಗ್ರಾಮೀಣ ಸಂಗೀತ’: ಉಡುಪು ತೊಟ್ಟ ಇಬ್ಬರು ತರುಣರು ವಿವಸ್ತ್ರರಾದ ಇಬ್ಬರು ಸ್ತ್ರೀಯರೊಡನೆ ಬಯಲಿನಲ್ಲಿರುವ ಚಿತ್ರ. ಮಾನೆಯ ಕಾಲದಲ್ಲಿ ಇದು ಜಾರ್ಜೋನೆಯದೆಂದು ಎಣಿಕೆಯಾಗಿತ್ತು. ಇಂದು ಬಹುಮಂದಿ ವಿದ್ವಾಂಸರು ಟಿಷಿಯನ್ನನದೆನ್ನುತ್ತಾರೆ. ಎರಡನೆಯದು, ರಫಾಯೆಲನ ವಿನ್ಯಾಸವನ್ನನುಸರಿಸಿ ಮಾರ್ಕಾಂತೋನಿಯೊ ರೈಮೊಂದಿಯು ಸುಮಾರು 1510-20ರ ನಡುವೆ ತಗಡಿನ ಮೇಲೆ ಕೊರೆದು ಮುದ್ರಿಸಿದ ಚಿತ್ರ. ಟ್ರಾಯ್ ರಾಜಕುಮಾರನು ಮೂವರು ದೇವಿಯರ ಸೌಂದರ್ಯವನ್ನು ಕುರಿತು ತೀರ್ಪು ಕೊಡುವ ಕಥೆ ಅದರ ವಸ್ತು. ಅದರ ಬಲಮೂಲೆಯಲ್ಲಿ ಕುಳಿತಿರುವ ಮೂವರು ಜಲದೇವತೆಗಳ ಭಂಗಿಯೇ ಮಾನೆಯ ಮುಂಭಾಗದ ಮೂವರ ಭಂಗಿ. ಇದನ್ನು 1864ರಲ್ಲಿಯೇ ಎರ್ನೆಸ್ಟ್ ಶೆನೋ ಸೂಚಿಸಿದ್ದನು; 1908ರಲ್ಲಿ ಗುಸ್ತಾವ್ ಪೌಲಿ ಮತ್ತೆ ಎತ್ತಿ ತೋರಿಸಿದನು. ರಫಾಯೆಲನೂ ರೋಮನ್ ಶಿಲಾಪೆಟ್ಟಿಗೆಗಳ ಉಬ್ಬುಶಿಲ್ಪಕ್ಕೆ ಋಣಿಯೆಂಬುದು ಸ್ಮರಣೀಯ.

ಹೀಗಿರಲು ಮಾನೆಯ ಸ್ವಂತದ್ದೇನು? ಇಂತಹ ಪ್ರಶ್ನೆಯನ್ನು 9ನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಕಾವ್ಯದ ವಿಷಯವಾಗಿ ಎತ್ತಿಕೊಂಡಿದ್ದಾನೆ. ಆತನ ಮತದಲ್ಲಿ ಕೃತಿಗಳ ಹೋಲಿಕೆ ಮೂರು ಬಗೆ: ಪ್ರತಿಬಿಂಬದಂತೆ, ಚಿತ್ರಿಸಿದ ಆಕಾರದಂತೆ, ಸಮಾನ ದೇಹವುಳ್ಳ ಇನ್ನೊಬ್ಬ ವ್ಯಕ್ತಿಯಂತೆ. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ, ಏಕೆಂದರೆ ಅಲ್ಲಿ ದೇಹ ಹೋಲಿದರೂ ಆತ್ಮ ಬೇರೆ. ಈ ವಿಂಗಡಣೆಯನ್ನು ಚಿತ್ರಕಲೆಗೆ ಅನ್ವಯಿಸುವ ಹೊಣೆ ನಮ್ಮದು.

ಮಾನೆಯ ಚಿತ್ರದಲ್ಲಿ ಆ ಬೇರೆ ಆತ್ಮ ಹುಟ್ಟಿದ್ದು ಕೂಡಿಸಿದ ರೀತಿಯಿಂದಲೇ ಎಂದು ನಾವು ಭಾವಿಸುತ್ತೇವೆ. ರೈಮೊಂದಿಯಲ್ಲಿ ನಗ್ನತೆಗೆ ಪುರಾಣದ ಸಮರ್ಥನೆಯುಂಟು. ‘ಗ್ರಾಮೀಣ ಸಂಗೀತ’ದಲ್ಲಿ ಕಾವ್ಯಸ್ವಪ್ನದ ಸಮರ್ಥನೆಯುಂಟು. ಮಾನೆ ಒಂದರಿಂದ ಭಂಗಿಯನ್ನೂ ಇನ್ನೊಂದರಿಂದ ಸನ್ನಿವೇಶವನ್ನೂ ತೆಗೆದುಕೊಂಡು ಎರಡು ಸಮರ್ಥನೆಗಳನ್ನೂ ಕೈಬಿಟ್ಟನು. ಗಂಡಸರು ತನ್ನ ಕಾಲದ ಕೋಟು ತೊಟ್ಟವರು; ಹೆಂಗಸು ಕಳಚಿಟ್ಟ ಉಡುಪು, ಹಣ್ಣು ಚೆಲ್ಲಿದ ಬುಟ್ಟಿಯ ಬಳಿ ಬಿದ್ದಿದೆ. ಉಡುಪು ಕಳಚುವವಳು ದೇವತೆಯಲ್ಲ. ಆಕೆ ನಮ್ಮತ್ತ ನೋಡುವ ನೋಟವೂ ಹೊಸದಲ್ಲ. ರೈಮೊಂದಿಯ ಜಲದೇವತೆಯೂ ಹೊರಗೆ ನೋಡುತ್ತಾಳೆ. ಆದರೆ ಅಲ್ಲಿ ಮೂಲೆಯಲ್ಲಿದ್ದ ನೋಟ ಇಲ್ಲಿ ಸುಮಾರು 208 ಸೆಂ.ಮೀ. ಎತ್ತರ, 264 ಸೆಂ.ಮೀ. ಅಗಲದ ಚಿತ್ರಕ್ಕೆ ಕೇಂದ್ರವಾಗಿ, ನೋಡುವವನನ್ನೇ ಪ್ರಶ್ನಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ಹಿನ್ನೆಲೆಯಲ್ಲಿ ನೀರಿಗಿಳಿದು ಬಾಗಿರುವ ಸ್ತ್ರೀ, ಪಕ್ಕದ ದೋಣಿಯೊಡನೆ ಹೋಲಿಸಿದರೆ ದೂರಕ್ಕೆ ತಕ್ಕಷ್ಟು ಚಿಕ್ಕವಳಾಗಿಲ್ಲ; ಮುಂದಿನ ಮೂವರಿಗೂ ಹಿಂದಿನ ಕಾಡಿಗೂ ಬೆಸುಗೆ ಸಾಲದು. ಇದು ಜೋಡಣೆಯ ದೋಷವಲ್ಲವೆ? ಬೆಸುಗೆ ಕಾಣುತ್ತದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಮರೆಸಿದ್ದರೆ ಚಿತ್ರವು ಮತ್ತೊಂದು ಸುಂದರ ಸ್ವಪ್ನವಾಗುತ್ತಿತ್ತು. ಹಳೆಯ ಭಂಗಿ ಹೊಸ ಕಾಲದಲ್ಲಿ ಸರಾಗವಾಗಿ ಕೂರಲಾರದೆಂಬ ಸತ್ಯ ಮರೆಯಾಗುತ್ತಿತ್ತು. ಸಮಾಧಾನ ಕೊಡುವ ಸಾಮರಸ್ಯಕ್ಕಿಂತ ಈ ಅಸಮಾಧಾನವೇ ಕೃತಿಯ ಬಲ.

ಆಕರಶೋಧನೆಯಲ್ಲಿ ತೊಡಗಿದ ನಮ್ಮಂಥವರಿಗೆ ಇಲ್ಲಿ ಒಂದು ಎಚ್ಚರಿಕೆಯಿದೆ. ಎಲ್ಲಿಂದ ಬಂತೆಂದು ತೋರಿಸಿದೊಡನೆ ವಿಮರ್ಶೆ ಮುಗಿಯಿತೆಂದು ತಿಳಿಯುವುದು ಸುಲಭ. ಶೆನೋವಿನ ಸೂಚನೆಯಿಂದ ನಮಗೆ ದೊರೆತದ್ದು ಚಿತ್ರದ ವಂಶಾವಳಿ ಮಾತ್ರ. ಪೂರ್ವಕೃತಿಗಳನ್ನು ಕೂಡಿಸಿದ ಚಿತ್ರದಲ್ಲಿ ಒಂದರ ಪಕ್ಕ ಇನ್ನೊಂದು ಸುಮ್ಮನೆ ಕುಳಿತಿದ್ದರೆ ಅದು ಸಂಗ್ರಹ. ಒಂದು ಇನ್ನೊಂದರ ಅರ್ಥವನ್ನು ಬದಲಿಸಿ, ಎರಡರಲ್ಲಿಯೂ ಇಲ್ಲದ ಮಾತನ್ನು ಆಡಿಸಿದರೆ ಅದು ಸೃಷ್ಟಿ. ಸಾಲ ಎಷ್ಟೆಂಬುದಕ್ಕಿಂತ ಆ ಸಾಲದಿಂದ ಏನು ನಡೆಯಿತೆಂಬುದನ್ನು ಕೇಳುವುದೇ ವಿಮರ್ಶಕನ ಕೆಲಸ.