ಸಾಧನದ ಮೌನವೂ ಚಾಲಕದ ಊಹೆಯೂ

ಕಮಲಾಪುರದ ಕಾಲೇಜೊಂದರಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧವನ್ನು ಯುಎಸ್‌ಬಿ ಡಿಸ್ಕಿನಲ್ಲಿ ಉಳಿಸಿದನೆಂದೂ, ಕೆಲಸ ಮುಗಿಯಿತೆಂದು ಗಣಕಯಂತ್ರವು ಹೇಳಿದ ಮರುಕ್ಷಣವೇ ಕರೆಂಟು ಹೋಯಿತೆಂದೂ ಭಾವಿಸೋಣ. ಬರೆದುದು ಉಳಿದೀತೆ? ಇದು ಡಿಸ್ಕಿನ ಗುಣವನ್ನಷ್ಟೇ ಅಲ್ಲದೆ, ಲಿನಕ್ಸ್ ಕಾರ್ಯವ್ಯವಸ್ಥೆಯ ಡಿಸ್ಕ್ ಚಾಲಕವು ಮಾಡಿಕೊಳ್ಳುವ ಒಂದು ಊಹೆಯನ್ನೂ ಅವಲಂಬಿಸಿದೆ. ಆ ಊಹೆಯ ಯುಕ್ತಾಯುಕ್ತತೆಯನ್ನು ಇಲ್ಲಿ ವಿಚಾರಿಸುತ್ತೇವೆ.

ಅನೇಕ ಡಿಸ್ಕುಗಳು ಬಂದ ದತ್ತಾಂಶವನ್ನು ಮೊದಲು ತಮ್ಮೊಳಗಿನ ತಾತ್ಕಾಲಿಕ ಸ್ಮೃತಿಯಲ್ಲಿ, ಅಂದರೆ ಕ್ಯಾಶ್‌ನಲ್ಲಿ, ಇರಿಸಿಕೊಂಡೇ ಬರೆದಾಯಿತೆಂದು ತಿಳಿಸುತ್ತವೆ. 1986ರಲ್ಲಿ ಅಮೆರಿಕದ ಮಾನಕವಾದ ಸ್ಕಸಿಯ ಪರಂಪರೆಯ ಆಜ್ಞೆಗಳಲ್ಲಿ ಎರಡು ಇಲ್ಲಿ ಪ್ರಸ್ತುತ. 'ಮೋಡ್ ಸೆನ್ಸ್' ಎಂಬುದು ಅಂತಹ ಕ್ಯಾಶ್ ಬಳಕೆಯಲ್ಲಿದೆಯೇ ಎಂದು ಕೇಳುತ್ತದೆ. 'ಸಿಂಕ್ರನೈಸ್ ಕ್ಯಾಶ್' ಎಂಬುದು ಅದರಲ್ಲಿರುವುದನ್ನು ಸ್ಥಿರವಾಗಿ ಬರೆಯೆಂದು ಆಜ್ಞಾಪಿಸುತ್ತದೆ. ಮೊದಲ ಪ್ರಶ್ನೆಗೆ ಸಾಧನವು ಉತ್ತರಿಸದಿದ್ದಲ್ಲಿ, ಬೇರೆ ಸೂಚನೆಯಿಲ್ಲದಿದ್ದರೆ, ಚಾಲಕವು 'ರೈಟ್ ಥ್ರೂ' ಎಂದು, ಅಂದರೆ ಎಲ್ಲವೂ ನೇರವಾಗಿ ಬರೆಯಲ್ಪಡುವುದೆಂದು, ಊಹಿಸುತ್ತದೆ. ಎರಡನೆಯ ಆಜ್ಞೆಯನ್ನು ಕಳುಹಿಸುವುದೇ ಇಲ್ಲ. ಮೌನವೇ ಸಮ್ಮತಿಯೆಂಬ ನ್ಯಾಯವು ಮದುವೆಯ ಮಾತುಕತೆಗೆ ಸಲ್ಲಬಹುದು. ದತ್ತಾಂಶದ ರಕ್ಷಣೆಗೆ ಸಲ್ಲದು.

ಈ ಕ್ರಮದ ಪರವಾಗಿಯೂ ಹೇಳಬಹುದಾದುದಿದೆ. ಅಪರಿಚಿತ ಆಜ್ಞೆ ಬಂದೊಡನೆ ಸ್ತಬ್ಧವಾಗಿಬಿಡುವ ಸಾಧನಗಳಿವೆ. ಕೊನೆಯ ಖಂಡದ ಸಂಖ್ಯೆಯನ್ನು ಕೇಳಿದರೆ ಒಟ್ಟು ಖಂಡಗಳ ಸಂಖ್ಯೆಯನ್ನು ಹೇಳುವವೂ ಇವೆ. ಅವುಗಳ ಉತ್ತರದಿಂದ ಒಂದನ್ನು ಕಳೆಯಬೇಕಾಗುತ್ತದೆ. ಇಂತಹವುಗಳಿಗಾಗಿ ಲಿನಕ್ಸ್‌ನ ಯುಎಸ್‌ಬಿ ಚಾಲಕವು ಅಪವಾದಗಳ ಪಟ್ಟಿಯೊಂದನ್ನೇ ಇಟ್ಟುಕೊಂಡಿದೆ. ಅಂತಹ ಅನುಭವದಿಂದ ಹುಟ್ಟಿದ ಎಚ್ಚರಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಎರಡು ದೋಷಗಳೂ ಸಮಾನವಲ್ಲ. ಸ್ತಬ್ಧವಾದ ಡಿಸ್ಕು ಒಡನೆಯೇ ಕಣ್ಣಿಗೆ ಬೀಳುತ್ತದೆ. ಅದನ್ನು ಅಪವಾದಗಳ ಪಟ್ಟಿಗೆ ಸೇರಿಸಬಹುದು. ಕಳೆದುಹೋದ ಪುಟವಾದರೋ ಕಡತವನ್ನು ಮತ್ತೆ ತೆರೆಯುವವರೆಗೂ ತಿಳಿಯದು. ತಿಳಿದ ಮೇಲೂ ಅದರ ಕಾರಣ ಚಾಲಕದ ಊಹೆಯೆಂದು ಯಾರಿಗೂ ಹೊಳೆಯದು. ಮೇಲಾಗಿ, ಒಪ್ಪದ ಆಜ್ಞೆಯನ್ನು ನಿರಾಕರಿಸುವ ಮರ್ಯಾದೆಯನ್ನು ಸ್ಕಸಿಯೇ ವಿಧಿಸಿದೆ. ಸಿಂಕ್ರನೈಸ್ ಆಜ್ಞೆಗೆ ಅಂತಹ ನಿರಾಕರಣೆ ಬಂದರೆ ಚಾಲಕವು ಅದನ್ನು ದೋಷವೆಂದು ಎಣಿಸುವುದೂ ಇಲ್ಲ.

ಆದುದರಿಂದ ನಮ್ಮ ಮತವಿಷ್ಟು: ಸಾಧನವು ಮೌನವಾಗಿದ್ದರೆ ಆಜ್ಞೆಯನ್ನು ಕಳುಹಿಸಬೇಕು, ನಿರಾಕರಿಸಿದರೆ ನಿಲ್ಲಿಸಬೇಕು, ಸ್ತಬ್ಧವಾದರೆ ಮಾತ್ರ ಅದನ್ನು ಅಪವಾದವೆಂದು ಬರೆದುಕೊಳ್ಳಬೇಕು. ಚಾಲಕವು ತನ್ನ ಊಹೆಯನ್ನು ದಿನಚರಿ ಕಡತದಲ್ಲಿ ದಾಖಲಿಸುತ್ತದೆ. ಅದನ್ನು ಬದಲಿಸುವ ಅವಕಾಶವೂ ಆಡಳಿತಗಾರನಿಗಿದೆ. ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಆ ಒಂದು ಸಾಲನ್ನು ಓದಿ ನೋಡುವ ಅಭ್ಯಾಸವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಮಾಡಿಸುವುದು ಒಳಿತು.